ಧೀರಕೇತುವಿನ ಪಾರ್ಟು

ಹೊಣಕೆರೆ
9 ನವೆಂಬರ್ 2023

ದ್ಯಾವಯ್ಯ,

ಅಕ್ಷರ ನೋಡಿದ ಕೂಡಲೇ ಯಾರೆಂದು ನಿನಗೆ ಗೊತ್ತಾಗಿರಬೇಕು. ಗೊತ್ತಾಗದಿದ್ದರೆ ಕಣ್ಣಿಗೆ ಪೊರೆ ಬಂದಿದೆ ಎಂದು ಅರ್ಥ, ಮೊದಲು ಆಸ್ಪತ್ರೆಗೆ ಹೋಗು. ಒಂದೇ ಜಗಲಿಯ ಮೇಲೆ ಕೂತು ನಾಟಕದ ಮೇಷ್ಟ್ರ ನೋಟ್‌ಬುಕ್ಕಿನಿಂದ ಪಾರ್ಟು ಬರೆದುಕೊಂಡವರು ನಾವು. ಧೀರಕೇತು ಮಹಾರಾಜನ ಮಾತು ನಾನು, ಮಹಾರಾಣಿಯ ಮಾತು ನೀನು. ನನ್ನ ಪೆನ್ನಿನಲ್ಲಿ ಇಂಕು ಮುಗಿದರೆ ನಿನ್ನದನ್ನು ಕಿತ್ತುಕೊಳ್ಳುತ್ತಿದ್ದೆ.

ನಾವಿಬ್ಬರೂ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ನಿನ್ನ ಫೋನ್ ನಂಬರ್ ಸಿಕ್ಕಿದೆ. ಎರಡು ಸಲ ಒತ್ತಿ, ನೀನು ಎತ್ತುವ ಮೊದಲೇ ನಿಲ್ಲಿಸಿದೆ. ಹೆದರಿಕೆಯಿಂದಲ್ಲ. ಫೋನು ಕಿವಿಗೆ ಇಟ್ಟರೆ ಸಾಕು, ನನ್ನ ಗಂಟಲಿನಿಂದ ನಾಟಕದ ದನಿಯೇ ಹೊರಡುತ್ತದೆ. ಯಾರು ಏನು ಕೇಳಿದರೂ ಸಿಂಹಾಸನದ ಮೇಲೆ ಕೂತವನ ಹಾಗೆ ಉತ್ತರ ಕೊಡುತ್ತೇನೆ. ಕಾಗದದಲ್ಲಿ ಅಷ್ಟು ಜಂಬ ಮಾಡಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗ ಧರ್ಮೇಂದ್ರ ಜೂನ್ ಹದಿನಾಲ್ಕರಂದು ತೀರಿಕೊಂಡ. ನಿನಗೆ ಸುದ್ದಿ ತಿಳಿದಿರುತ್ತದೆ. ಹಾಲಿನ ವ್ಯಾನು ಓಡಿಸುತ್ತಿದ್ದ. ಬೆಳಗ್ಗೆ ಕ್ಯಾನು ತುಂಬಿಕೊಂಡು ನಾಗಮಂಗಲದ ಕಡೆ ಹೋಗುವಾಗ ವ್ಯಾನು ಮಗುಚಿಕೊಂಡಿತು. ಇಪ್ಪತ್ತಾರು ವರ್ಷ ಅವನಿಗೆ. ನಾನು ಓಡಿಹೋಗಿ ಆಂಬುಲೆನ್ಸಿನಲ್ಲಿ ಜೊತೆಗೆ ಕೂತೆ, ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅವನಿಗೆ ಪ್ರಜ್ಞೆಯೇ ಇರಲಿಲ್ಲ.

ನನಗೆ ಅಳು ಬರಲಿಲ್ಲ ದ್ಯಾವಯ್ಯ. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಯಶೋದೆ ಗುಂಡಿಯ ಪಕ್ಕ ಕೂತು, ಎರಡು ಕೈಯಲ್ಲೂ ಮಣ್ಣು ಹಿಡಿದುಕೊಂಡು, ಹಾಕಲು ಬಿಡುವುದಿಲ್ಲ ಎಂದು ಅಳುತ್ತಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. ಏನಾದರೂ ಹೇಳಬೇಕಲ್ಲ ಎಂದು ಬಾಯಿ ತೆರೆದೆ. ಬಂದದ್ದೇನು ಗೊತ್ತೇ? ‘ಒರೆಸಿಕೋ ಕಣ್ಣು, ಮಹಾರಾಣಿ! ಸಿಂಹದ ಮನೆಯಲ್ಲಿ ಅಳುವಿನ ಸದ್ದು ಕೇಳಿಸಬಾರದು!’ ನಾಟಕದ ಅದೇ ರಾಗದಲ್ಲಿ, ಹಾಗೆಯೇ ಬಲಗೈ ಎತ್ತಿ. ಸಾವಿನ ಮುಂದೆ ನಿಂತು ಆಡುವ ಮಾತು ನನಗೆ ಬೇರೆ ಯಾವುದೂ ಬರುತ್ತಿರಲಿಲ್ಲ. ಮೂವತ್ತು ವರ್ಷ ಬಾಯಲ್ಲಿ ಆಡಿದ್ದು ಅದೊಂದೇ.

ಜನಕ್ಕೆ ಮೆಚ್ಚಿಗೆಯಾಯಿತು. ‘ಗಂಡ್ಸು ಅಂದ್ರೆ ಇಂಗಿರ್ಬೇಕು ಕಣ್ಲಾ’ ಎಂದು ಹಿಂದೆ ಯಾರೋ ಹೇಳಿದ್ದು ನನಗೆ ಕೇಳಿಸಿತು. ಯಶೋದೆ ನನ್ನನ್ನೇ ನೋಡಿದಳು. ಕೈಯಲ್ಲಿದ್ದ ಮಣ್ಣು ಬಿಟ್ಟು ಎದ್ದು ಹೋದಳು. ಆವತ್ತಿನಿಂದ ನನ್ನ ಎದುರಿಗೆ ಒಂದು ಹನಿ ಕಣ್ಣೀರು ಹಾಕಿಲ್ಲ, ಊಟಕ್ಕೆ ಏಳಿ ಎನ್ನುವುದರ ಮೇಲೆ ಒಂದು ಮಾತೂ ಆಡಿಲ್ಲ. ಆಗಸ್ಟಿನಲ್ಲಿ ಎಮ್ಮೆಗೆ ಹುಲ್ಲು ಹಾಕಿ, ಅಂಗಳ ಗುಡಿಸಿ, ಪಾಂಡವಪುರದ ಅಣ್ಣನ ಮನೆಗೆ ಹೋದವಳು ಬಂದಿಲ್ಲ. ಜಗಳವಾಡಿ ಹೋಗಿದ್ದರೆ ಹೋಗಿ ಕರೆತರಬಹುದಿತ್ತು.

ಈಗ ನಾಟಕದ ಸಂಘದವರು ಬಂದಿದ್ದಾರೆ. ರಾಗಿ ಒಕ್ಕಣೆ ಮುಗಿದ ಮೇಲೆ, ಮಾರ್ಚಿನಲ್ಲಿ ಮತ್ತೆ ‘ಧೀರಕೇತು ಮಹಾರಾಜ’ ಅಂತೆ. ಯುದ್ಧದಲ್ಲಿ ಹೆದರಿ ಓಡಿಬಂದ ಸ್ವಂತ ಮಗನ ತಲೆ ಹೊಡೆಸಿ, ಒಂದು ಹನಿಯೂ ಕಣ್ಣೀರು ಹಾಕದೆ ನಿಲ್ಲುವ ರಾಜನ ಪಾರ್ಟು ಈ ಊರಿನಲ್ಲಿ ನನ್ನದೇ. ಹೂಂ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ನಿನ್ನನ್ನು ಒಂದು ಕೇಳಬೇಕು. ಹನ್ನೊಂದು ವರ್ಷ ನೀನು ಮಹಾರಾಣಿಯಾದೆ, ಒಂದು ವರ್ಷವೂ ನಿನಗೆ ಕಣ್ಣೀರು ತಪ್ಪಲಿಲ್ಲ. ಕಣ್ಣಿಗೆ ಏನೂ ಹಚ್ಚಿಕೊಳ್ಳುತ್ತಿರಲಿಲ್ಲ, ನಾನೇ ನೋಡಿದ್ದೇನೆ. ಅದು ಹೇಗೆ ಬರುತ್ತಿತ್ತು? ನನಗೆ ಕಲಿಸಿಕೊಡು. ಯಶೋದೆಯ ಮುಂದೆ ಹೋಗಿ ಒಂದು ಸಲ ಅತ್ತರೆ ಅವಳು ವಾಪಸು ಬರುತ್ತಾಳೆ ಎಂದು ನನ್ನ ಮನಸ್ಸು ಹೇಳುತ್ತದೆ.

ನಿನ್ನ ಜೊತೆಯವನು,
ನಾಗರಾಜು


ಗಂಜಾಂ, ಶ್ರೀರಂಗಪಟ್ಟಣ
24 ನವೆಂಬರ್ 2023

ನಾಗರಾಜ,

ಕಾಗದ ಬಂತು. ಮೂರು ದಿನ ಒಡೆಯದೆ ಟಿ.ವಿ. ಮೇಲೆ ಇಟ್ಟಿದ್ದೆ. ನಮ್ಮನೆಯವಳು ಸೋಮಮ್ಮ ಬೈದ ಮೇಲೆ ಓದಿದೆ.

ಧರ್ಮನನ್ನು ಮಣ್ಣು ಮಾಡಿದ ದಿನ ನಾನೂ ಬಂದಿದ್ದೆ. ಹುಣಸೆಮರದ ಹತ್ತಿರ ಹಿಂದೆ ನಿಂತಿದ್ದೆ. ನೀನು ಕೈಯೆತ್ತಿ ಆ ಮಾತು ಹೇಳಿದ್ದು ಕೇಳಿದೆ. ಆ ಮಾತಿನ ಮುಂದಿನ ಮಾತು ನನ್ನದು. ಇಪ್ಪತ್ತೆರಡು ವರ್ಷದ ಮೇಲೂ ಅದು ನನ್ನ ತುಟಿಯವರೆಗೆ ಬಂದುಬಿಟ್ಟಿತ್ತು. ಬಾಯಿಗೆ ಟವೆಲು ಒತ್ತಿಕೊಂಡು ಹೋಗಿ ಬಸ್ಸು ಹತ್ತಿದೆ.

ನಿನಗೆ ಮಗ ಹೋದ. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವರಲ್ಲಿ ನಾನೂ ಒಬ್ಬ.

ಆದರೆ ನೀನು ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ನನ್ನದೂ ಒಂದಿದೆ. ಎರಡು ಸಾವಿರದ ಒಂದರಲ್ಲಿ ಸಂಘದವರು ಪಟ್ಟಣದಿಂದ ಹೆಂಗಸನ್ನು ಕರೆಸಿ ರಾಣಿಯ ಪಾರ್ಟು ಮಾಡಿಸೋಣ ಎಂದರು. ಅದರಲ್ಲಿ ತಪ್ಪಿಲ್ಲ. ನನಗೆ ಮೂವತ್ತೊಂಬತ್ತಾಗಿತ್ತು, ರವಿಕೆ ಬಿಗಿಯಾಗುತ್ತಿತ್ತು. ಮಾತು ಅಲ್ಲಿಗೇ ನಿಂತಿದ್ದರೆ ನಾನೇ ಮುಂದೆ ನಿಂತು ಅವಳಿಗೆ ಪಾರ್ಟು ಹೇಳಿಕೊಡುತ್ತಿದ್ದೆ. ನೀನು ಏನಂದೆ? ‘ಇವ್ನ ಕೈ ಇಡ್ಕಂಡು ಇಡ್ಕಂಡು ನನ್ ಗಂಡಸ್ತನಾನೇ ಒಂಟೋಯ್ತು ಕಣ್ರುಲಾ’ ಅಂದೆ. ಅಷ್ಟು ಜನವೂ ನಕ್ಕರು. ನಾನೂ ನಕ್ಕೆ. ಮಾರನೆಯ ದಿನದಿಂದ ಬಸ್‌ಸ್ಟ್ಯಾಂಡಿನಲ್ಲಿ, ಡೈರಿಯ ಹತ್ತಿರ, ಎಲ್ಲಿ ಹೋದರೂ ‘ಮಾರಾಣಿ ಬಂದ್ಲು’ ಎನ್ನುವುದು ಶುರುವಾಯಿತು. ಮೊದಲೂ ಅನ್ನುತ್ತಿದ್ದರು, ಆದರೆ ಅದರಲ್ಲಿ ಪ್ರೀತಿ ಇತ್ತು. ನನ್ನ ಮಗಳು ಸ್ನೇಹ ಸ್ಕೂಲಿನಿಂದ ಅತ್ತುಕೊಂಡು ಬಂದ ದಿನ ನಾನು ವರ್ಗಾವಣೆಗೆ ಅರ್ಜಿ ಬರೆದೆ. ನೀರಿನ ಪಂಪಿನ ಕೆಲಸ ಇಲ್ಲಿಯೂ ಒಂದೇ, ಅಲ್ಲಿಯೂ ಒಂದೇ, ಗುಂಡಿ ಒತ್ತಿದರೆ ಓಡುತ್ತದೆ ಎಂದು ಬಂದೆ. ರಿಟೈರ್ ಆಗುವವರೆಗೂ ಅದನ್ನೇ ಒತ್ತಿದೆ.

ಈಗ ಅದೇ ನೀನು ಅಳು ಕಲಿಸು ಎನ್ನುತ್ತೀಯ. ಅಷ್ಟು ದೊಡ್ಡ ಮೇಷ್ಟ್ರು ನಾನಲ್ಲ.

ದ್ಯಾವಯ್ಯ


ಹೊಣಕೆರೆ
3 ಡಿಸೆಂಬರ್ 2023

ದ್ಯಾವಯ್ಯ,

ಅಂದದ್ದು ನಿಜ. ನೆನಪಿಲ್ಲ ಎಂದು ಬರೆಯಲು ಪೆನ್ನು ಎತ್ತಿದೆ, ಆಗಲಿಲ್ಲ. ಅಕ್ಷರ ಅಕ್ಷರವೂ ನೆನಪಿದೆ. ತಪ್ಪಾಯಿತು. ಇದನ್ನು ಕಾಗದದಲ್ಲಿ ಹೇಳಿದ್ದು ಸಾಲದು, ಊರ ಮುಂದೆ ಅಂದದ್ದನ್ನು ಊರ ಮುಂದೆಯೇ ತಪ್ಪು ಎನ್ನಬೇಕು. ಮೊನ್ನೆ ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಅರ್ಧ ಜನಕ್ಕೆ ಯಾವ ವಿಷಯ ಎಂದೇ ಗೊತ್ತಾಗಲಿಲ್ಲ, ಆಗ ಹುಟ್ಟಿರಲಿಲ್ಲ ಅವರು. ಗೊತ್ತಿದ್ದ ಅರ್ಧ ಜನ ನೆಲ ನೋಡಿದರು.

ಯಾಕಂದೆ ಎಂದೂ ಹೇಳಿಬಿಡುತ್ತೇನೆ. ನೀನು ಅಳಲು ಶುರು ಮಾಡಿದರೆ ಜನ ನನ್ನನ್ನು ನೋಡುತ್ತಿರಲಿಲ್ಲ. ಕಿರೀಟ ನನ್ನ ತಲೆಯ ಮೇಲೆ, ಕಣ್ಣೆಲ್ಲ ನಿನ್ನ ಮೇಲೆ. ಹೊಟ್ಟೆಕಿಚ್ಚು ನನಗೆ. ಅದಕ್ಕಿಂತ ಹೆಚ್ಚಾಗಿ, ನೀನು ಅತ್ತಾಗ ನನಗೂ ಗಂಟಲು ಕಟ್ಟುತ್ತಿತ್ತು. ರಾಜನ ಗಂಟಲು ಕಟ್ಟಿದರೆ ನಾಟಕ ಕೆಟ್ಟಂತೆ ಎಂದು ಉಗುರಿನಿಂದ ತೊಡೆ ಗಿಲ್ಲಿಕೊಳ್ಳುತ್ತಿದ್ದೆ. ನಿನ್ನನ್ನು ಕಳಿಸಿಬಿಟ್ಟರೆ ಆ ಕಾಟ ತಪ್ಪುತ್ತದೆ ಎನಿಸಿತ್ತು. ತಪ್ಪಿತು. ಆಮೇಲೆ ಬಂದ ಹೆಂಗಸರು ಚೆನ್ನಾಗಿ ಹಾಡುತ್ತಿದ್ದರು. ನನಗೆ ಒಂದು ಸಲವೂ ಗಂಟಲು ಕಟ್ಟಲಿಲ್ಲ.

ನೀನು ಕಲಿಸದಿದ್ದರೂ ನಾನೇ ಅಭ್ಯಾಸ ಮಾಡಿ ನೋಡಿದೆ, ನಗಬೇಡ. ಬಾಗಿಲು ಹಾಕಿಕೊಂಡು ಈರುಳ್ಳಿ ಹೆಚ್ಚಿದೆ. ಕಣ್ಣು ಉರಿದವು, ನೀರು ಬಂತು, ಆಮೇಲೆ ಅಷ್ಟು ಈರುಳ್ಳಿ ಏನು ಮಾಡುವುದೆಂದು ಸಾರು ಮಾಡಿಕೊಂಡು ತಿಂದೆ. ಮಗನನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಹೋಗಿ ನಿಂತೆ. ಇನ್ನೇನು ಬರುತ್ತದೆ ಎನ್ನುವಾಗ ಪಕ್ಕದ ಹೊಲದವನು ಬಂದ. ತಕ್ಷಣ ಮೀಸೆಯ ಮೇಲೆ ಕೈಯಾಡಿಸಿ, ‘ಸೊಸೈಟಿಗೆ ಗೊಬ್ರ ಬಂತೇನ್ಲಾ?’ ಎಂದು ಕೇಳಿದೆ. ಮಗನ ಗುಡ್ಡೆಯ ಮುಂದೆ ನಿಂತು ಗೊಬ್ಬರದ ಮಾತಾಡಿದವನು ನಾನು.

ಆಗ ಒಂದು ಯೋಚನೆ ಬಂತು. ಈ ಸಲ ಮಹಾರಾಣಿಯ ಪಾರ್ಟು ನಾನೇ ಮಾಡುತ್ತೇನೆ. ಮೀಸೆ ತೆಗೆಸುತ್ತೇನೆ, ಸೀರೆ ಉಡುತ್ತೇನೆ. ಆ ಪಾರ್ಟಿನಲ್ಲಿ ಅಳಲೇಬೇಕು, ಬರದೆ ಎಲ್ಲಿ ಹೋಗುತ್ತದೆ? ಯಶೋದೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅವಳ ಮುಂದೆ, ಊರ ಮುಂದೆ, ಮಗನಿಗಾಗಿ ಅಳುತ್ತೇನೆ. ಸಂಘದ ಸೆಕ್ರೆಟರಿ ಲೋಕೇಶ ಮೊದಲು ನಕ್ಕ. ನಾನು ನಗಲಿಲ್ಲ. ಆಮೇಲೆ ಹತ್ತಿರ ಬಂದು, ‘ಯಜಮಾನ್ರೇ, ಒಂದೆರಡ್ ದಿನ ಸುಧಾರ್ಸ್ಕಳಿ, ನಿಮ್ಗೆ ಎಂಗೋ ಆಗೈತೆ’ ಎಂದ. ಆದರೂ ಇಲ್ಲವೆನ್ನಲು ಅವನಿಗೆ ಧೈರ್ಯವಿಲ್ಲ.

ನೀನು ಬಂದು ಧೀರಕೇತು ಆಗು. ನಿನ್ನನ್ನು ಬಿಟ್ಟರೆ ಆ ಪಾರ್ಟು ಬಾಯಿಗೆ ಬರುವವನು ಇನ್ನೊಬ್ಬನಿಲ್ಲ. ಮಹಾರಾಣಿ ಎಂದು ನಕ್ಕ ಊರಿನಲ್ಲಿ ಕಿರೀಟ ಹಾಕಿಕೊಂಡು ನಿಲ್ಲು.

ನಿನ್ನವನೇ,
ನಾಗರಾಜು


ಗಂಜಾಂ, ಶ್ರೀರಂಗಪಟ್ಟಣ
20 ಡಿಸೆಂಬರ್ 2023

ನಾಗರಾಜು,

ಮೀಟಿಂಗಿನ ವಿಷಯವನ್ನು ಸಂಘದ ಶಂಕರ್ ಫೋನ್ ಮಾಡಿ ಹೇಳಿದ. ಅವನು ಹೇಳುವಾಗ ನಾನು ಸುಮ್ಮನೆ ಹೂಂ ಹೂಂ ಎಂದೆ. ಫೋನಿಟ್ಟ ಮೇಲೆ ಸೋಮಮ್ಮನಿಗೆ ಕಾಣದ ಹಾಗೆ ಹಿತ್ತಲಿಗೆ ಹೋದೆ. ಇನ್ನು ಆ ಮಾತು ಎತ್ತುವುದಿಲ್ಲ.

ಅಳು ಹೇಗೆ ಬರುತ್ತಿತ್ತು ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ನಮ್ಮವ್ವ ತೀರಿಕೊಂಡಾಗ ನನಗೆ ಇಪ್ಪತ್ತೆಂಟು. ಹೆಣದ ಮುಂದೆ ನಡೆಯುವಾಗ ನನ್ನ ಕಾಲು ಸೋತವು. ನಿಮ್ಮಪ್ಪ ಬಂದು ತೋಳು ಹಿಡಿದುಕೊಂಡು, ‘ಎಂಗಸ್ರಂಗೆ ಅಳ್ಬೇಡ ಕಣ್ಲಾ, ಒಳ್ಳೇ ಆಳು’ ಎಂದರು. ಒಳ್ಳೆಯ ಮನುಷ್ಯ, ನನ್ನನ್ನು ಬೀಳದ ಹಾಗೆ ಕೊನೆಯವರೆಗೂ ಹಿಡಿದುಕೊಂಡಿದ್ದರು. ನಾನು ಅಳು ನುಂಗಿದೆ. ಎಂಟು ತಿಂಗಳು ನುಂಗಿಕೊಂಡೇ ಇದ್ದೆ. ಆ ವರ್ಷ ನಾಟಕದಲ್ಲಿ ಸೀರೆ ಉಟ್ಟು ರಂಗದ ಮೇಲೆ ಕೂತಾಗ ಒಳಗಿದ್ದದ್ದೆಲ್ಲ ಹೊರಗೆ ಬಂತು. ನಮ್ಮವ್ವನಿಗಾಗಿ ಅಳುತ್ತಿದ್ದೆ, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆಮೇಲೆ ಪ್ರತಿ ವರ್ಷವೂ ಆ ವರ್ಷದ್ದನ್ನೆಲ್ಲ ಕೂಡಿಟ್ಟುಕೊಂಡು ಅಲ್ಲಿಯೇ ಅತ್ತೆ. ಸೀರೆ ಉಟ್ಟವನಿಗೆ ಅಳಬೇಡ ಎಂದು ಯಾರೂ ಹೇಳಲಿಲ್ಲ. ನನ್ನ ವಿದ್ಯೆ ಅಷ್ಟೇ.

ನೀನು ಆ ಪಾರ್ಟು ನನ್ನಿಂದ ಕಿತ್ತುಕೊಂಡಾಗ ನನಗೆ ಹೋದದ್ದು ಅದು. ಬೇರೆ ಏನಕ್ಕೂ ನಾನು ಅಷ್ಟು ನೊಂದುಕೊಳ್ಳಲಿಲ್ಲ.

ಆದ್ದರಿಂದ, ನೀನು ಸೀರೆ ಉಟ್ಟರೆ ನಿನಗೂ ಅಳು ಬರುತ್ತದೆ, ಅನುಮಾನವಿಲ್ಲ. ಊರು ಹೊಗಳುತ್ತದೆ. ಯಶೋದಮ್ಮನಿಗೆ ಅದರಿಂದ ಏನು ಸಿಕ್ಕೀತು? ಇದನ್ನು ಸುಮ್ಮನೆ ಕೇಳುತ್ತಿಲ್ಲ. ಹೋದ ಶನಿವಾರ ಅವರು ಅತ್ತಿಗೆಯ ಜೊತೆ ಕರಿಘಟ್ಟದ ದೇವಸ್ಥಾನಕ್ಕೆ ಬಂದವರು ನಮ್ಮ ಮನೆಗೂ ಬಂದಿದ್ದರು. ಸೋಮಮ್ಮ ಉಪ್ಪಿಟ್ಟು ಮಾಡಿದಳು, ಅರ್ಧವೂ ತಿನ್ನಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: ‘ದ್ಯಾವಣ್ಣ, ನಾಟ್ಕದಲ್ಲಿ ರಾಣಿ ಕಡೇಲಿ ಒಂದ್ ಮಾತ್ ಕೇಳ್ತಾಳಲ್ಲ, ರಾಜ ಅದ್ಕೆ ಜವಾಬೇ ಕೊಡಾಕಿಲ್ಲ. ಯಾಕೆ?’

ಆ ಮಾತು ನಿನಗೆ ನೆನಪಿದೆ. ನೀನು ‘ಒರೆಸಿಕೋ ಕಣ್ಣು’ ಎಂದ ಮೇಲೆ ನನ್ನದು ಬರುವುದು: ‘ನನ್ನ ಕಂದ ಕಡೆಯಲ್ಲಿ ಏನೆಂದ, ಪ್ರಭು?’ ಹೊಲದಲ್ಲಿ ಆವತ್ತು ನನ್ನ ತುಟಿಗೆ ಬಂದದ್ದೂ ಇದೇ. ನೀನು ಬೆನ್ನು ತಿರುಗಿಸಿ ನಿಲ್ಲಬೇಕು, ಶಿಳ್ಳೆ ಬೀಳಬೇಕು, ಪರದೆ ಬೀಳಬೇಕು. ರಾಜ ಉತ್ತರ ಕೊಟ್ಟರೆ ಗಂಡಸುತನ ಏನು ಉಳಿಯಿತು ಎಂದು ಮೇಷ್ಟ್ರು ಹೇಳುತ್ತಿದ್ದರು. ಹನ್ನೊಂದು ವರ್ಷ ಕೇಳಿದೆ, ಹನ್ನೊಂದು ವರ್ಷವೂ ನಿನ್ನ ಬೆನ್ನು ನೋಡಿದೆ.

ನಾನು ಯಶೋದಮ್ಮನಿಗೆ, ‘ಪುಸ್ತಕದಲ್ಲಿ ಜವಾಬು ಬರ್ದಿಲ್ಲ ಕಣವ್ವ’ ಎಂದೆ. ಅವರು ಅಂದರು: ‘ನಮ್ ಯಜಮಾನ್ರೂ ಅಂಗೇಯ. ಮಗಂಗೆ ಪ್ರಜ್ಞೆ ಇರ್ನಿಲ್ಲ, ಏನೂ ಮಾತಾಡ್ನಿಲ್ಲ ಅಂತಾರೆ. ಅದ್ನ ಏಳೋವಾಗ ಮಾತ್ರ ನನ್ ಮಕ ನೋಡಾಕಿಲ್ಲ.’

ನಾಗರಾಜು, ಆಂಬುಲೆನ್ಸಿನಲ್ಲಿ ಏನಾಯಿತು?

ದ್ಯಾವಯ್ಯ


ಹೊಣಕೆರೆ
16 ಜನವರಿ 2024

ದ್ಯಾವಯ್ಯ,

ನಿನ್ನ ಕಾಗದ ಬಂದು ಮೂರು ವಾರದ ಮೇಲಾಯಿತು. ನಾಲ್ಕು ಸಲ ಬರೆದು ಹರಿದು ಒಲೆಗೆ ಹಾಕಿದೆ. ನಿನ್ನೆ ಸಂಕ್ರಾಂತಿಗೆ ಎಮ್ಮೆಯ ಮೈ ತೊಳೆದು, ಒಬ್ಬನೇ ಕೂತು ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡೆ. ಇವತ್ತು ಬರೆದೇಬಿಡುತ್ತೇನೆ.

ಪ್ರಜ್ಞೆ ಇತ್ತು. ಒಂದು ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿಯೇ ಇತ್ತು. ನನ್ನ ಕೈ ಹಿಡಿದುಕೊಂಡಿದ್ದ. ‘ಅಪ್ಪಾ, ಎದ್ರಿಕೆ ಆಯ್ತಾದೆ’ ಎಂದ. ಆಮೇಲೆ ಅವ್ವನನ್ನು ಕೂಗಿದ, ಎರಡು ಸಲ. ‘ಅವ್ವನ್ನ ಕರ್ಸಪ್ಪ’ ಎಂದು ಅಳಲು ಶುರು ಮಾಡಿದ. ಚಿಕ್ಕ ಮಗುವಿನ ಹಾಗೆ, ಬಿಕ್ಕಿ ಬಿಕ್ಕಿ. ಎದುರಿಗೆ ನರ್ಸು ಕೂತಿದ್ದಳು, ನಮ್ಮ ಊರಿನವರು ಇಬ್ಬರಿದ್ದರು. ನನಗೆ ಏನಾಯಿತೋ. ‘ಅಳ್ಬೇಡ ಕಣ್ಲಾ, ಗಂಡ್ಸಲ್ವಾ ನೀನು’ ಎಂದೆ.

ಅವನು ನನ್ನ ಮುಖ ನೋಡಿದ. ತುಟಿ ಕಚ್ಚಿಕೊಂಡು ಅಳು ನಿಲ್ಲಿಸಿಬಿಟ್ಟ ದ್ಯಾವಯ್ಯ. ಎಂದೂ ನನ್ನ ಮಾತು ಒಂದೇ ಸಲಕ್ಕೆ ಕೇಳಿದವನಲ್ಲ, ಆವತ್ತು ಕೇಳಿದ. ಮತ್ತೆ ಬಾಯಿ ಬಿಡಲಿಲ್ಲ. ಕೈ ಮಾತ್ರ ಬಿಗಿಯಾಗಿ ಹಿಡಿದಿದ್ದ, ಅದೂ ಸಡಿಲವಾಯಿತು.

ಅವನು ಇನ್ನೂ ಏನೇನು ಹೇಳಬೇಕೆಂದಿದ್ದನೋ. ಬಾಯಿ ಮುಚ್ಚಿಸಿದವನು ನಾನು. ಧೀರಕೇತುವಾದರೂ ಪುಸ್ತಕದಲ್ಲಿ ಬರೆದದ್ದನ್ನು ಹೇಳಿದ. ನನಗೆ ಯಾರು ಬರೆದುಕೊಟ್ಟಿದ್ದರು?

ಊರಿನ ಆ ಇಬ್ಬರೂ ಎಲ್ಲಿಯೂ ಬಾಯಿ ಬಿಟ್ಟಿಲ್ಲ. ಅಪ್ಪ ಮಗನಿಗೆ ಧೈರ್ಯ ಹೇಳಿದ ಎಂದುಕೊಂಡಿರಬೇಕು. ಯಶೋದೆಗೆ ಇದನ್ನು ಹೇಗೆ ಹೇಳಲಿ? ಮಗ ನಿನ್ನನ್ನು ಕೇಳಿದ, ನಾನು ಅವನ ಬಾಯಿ ಮುಚ್ಚಿಸಿದೆ ಎನ್ನಲೇ? ಅವಳು ನನ್ನ ನೆರಳನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪ್ರಜ್ಞೆ ಇರಲಿಲ್ಲ ಎಂದರೆ ಅವಳಿಗೂ ಸ್ವಲ್ಪ ನೆಮ್ಮದಿ ಎಂದುಕೊಂಡೆ. ಸುಳ್ಳು, ನೆಮ್ಮದಿ ಬೇಕಾಗಿದ್ದದ್ದು ನನಗೆ.

ನೀನು ಅವಳಿಗೆ ಹೇಳಬೇಡ. ನಿನ್ನ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ.

ನಾಗರಾಜು


ಗಂಜಾಂ, ಶ್ರೀರಂಗಪಟ್ಟಣ
22 ಜನವರಿ 2024

ನಾಗರಾಜು,

ನಾನು ಹೇಳುವುದಿಲ್ಲ. ಸೋಮಮ್ಮನಿಗೂ ಈ ಕಾಗದ ತೋರಿಸಿಲ್ಲ.

ನಿನ್ನನ್ನು ಬೈಯಬೇಕೆಂದು ಕೂತೆ, ಆಗಲಿಲ್ಲ. ನಿಮ್ಮಪ್ಪ ನನಗೆ ಹೇಳಿದ್ದನ್ನೇ ನೀನು ಮಗನಿಗೆ ಹೇಳಿದ್ದೀಯ. ಅವರಿಗೆ ಅವರಪ್ಪ ಹೇಳಿರುತ್ತಾರೆ. ಅವರೂ ತೋಳು ಹಿಡಿದುಕೊಂಡೇ ಹೇಳಿದರು, ನೀನೂ ಕೈ ಹಿಡಿದುಕೊಂಡೇ ಹೇಳಿದೆ. ನೀನು ಕೊಲೆಗಾರನಲ್ಲ. ಆದರೆ ಆ ತಾಯಿ ಏಳು ತಿಂಗಳಿಂದ ಒಂದೇ ಮಾತಿಗೆ ಕಾಯುತ್ತಿದ್ದಾರೆ, ನೀನು ಬೆನ್ನು ತೋರಿಸುತ್ತಿದ್ದೀಯ.

ಧೀರಕೇತುವಿನ ಪಾರ್ಟಿಗೆ ನಾನು ಬರುವುದಿಲ್ಲ. ನನಗೆ ಆ ಕಿರೀಟ ಬೇಡ. ಪಾಂಡವಪುರಕ್ಕೆ ಬರುತ್ತೇನೆ. ನೀನು ಯಾವ ದಿನ ಹೇಳಿದರೆ ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಬಾಗಿಲವರೆಗೂ ಜೊತೆಗೆ ಬರುತ್ತೇನೆ, ಒಳಗೆ ನೀನೊಬ್ಬನೇ ಹೋಗಬೇಕು.

ದ್ಯಾವಯ್ಯ


ಪಾಂಡವಪುರ
2 ಫೆಬ್ರವರಿ 2024

ಧರ್ಮನ ಅಪ್ಪನಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ, ಓದಿಕೊಳ್ಳಿ. ಏಳನೇ ಕ್ಲಾಸಿನ ಮೇಲೆ ಬರೆದವಳಲ್ಲ.

ನೀವು ಮೀಸೆ ತೆಗೆಸಿ ಸೀರೆ ಉಟ್ಟು ಊರ ಮುಂದೆ ಅಳುತ್ತೀರಂತೆ, ನನ್ನನ್ನು ಮುಂದೆ ಕೂರಿಸುತ್ತೀರಂತೆ. ಹೊಣಕೆರೆಯಿಂದ ಬಂದವರು ಹೇಳಿದರು. ನಾನು ಬರುವುದಿಲ್ಲ. ಅದೂ ನಾಟಕವೇ. ಮಗನನ್ನು ಮಣ್ಣಿಗೆ ಇಟ್ಟ ದಿನ ಒಂದು ನಾಟಕ ನೋಡಿದ್ದು ಸಾಕಾಗಿದೆ.

ನೀವು ಅಳಲಿಲ್ಲ ಎಂದು ನಾನು ಮನೆ ಬಿಟ್ಟೆ ಎಂದುಕೊಂಡಿದ್ದೀರಿ. ನಿಮ್ಮ ಕಣ್ಣೀರು ತೆಗೆದುಕೊಂಡು ನಾನು ಏನು ಮಾಡಲಿ? ಅಳು ನನಗೇ ಬೇಕಾದಷ್ಟಿದೆ. ಅವನ ಜೊತೆ ಕಡೆಯಲ್ಲಿ ಇದ್ದ ಮನೆಯವರು ನೀವೊಬ್ಬರೇ. ನನ್ನ ಮಗ ಹೇಗೆ ಹೋದ ಎಂದು ನನಗೆ ತಿಳಿಯಬೇಕು. ಎಷ್ಟು ಕೆಟ್ಟದ್ದಾಗಿದ್ದರೂ ಕೇಳುತ್ತೇನೆ. ತಿಳಿಯದೆ ದಿನಾ ಒಂದೊಂದು ತರಹ ಕಲ್ಪಿಸಿಕೊಳ್ಳುತ್ತೇನೆ, ಅದು ಇನ್ನೂ ಕಷ್ಟ.

ಹೇಳುವ ಹಾಗಿದ್ದರೆ ಬನ್ನಿ. ಎಮ್ಮೆಯನ್ನು ಯಾರಿಗಾದರೂ ಒಪ್ಪಿಸಿ ಬನ್ನಿ.

ಯಶೋದ


ಪಾಂಡವಪುರ
14 ಫೆಬ್ರವರಿ 2024

ದ್ಯಾವಯ್ಯ,

ಮೊನ್ನೆ ನೀನು ಬಾಗಿಲಲ್ಲಿ ನನ್ನ ಬೆನ್ನು ತಟ್ಟಿ ಹೋದ ಮೇಲೆ ಏನಾಯಿತು ಎಂದು ನಿನಗೆ ತಿಳಿಸದಿದ್ದರೆ ತಪ್ಪಾಗುತ್ತದೆ. ನೀನು ಎದುರಿನ ಅಂಗಡಿಯಲ್ಲಿ ಒಂದು ಗಂಟೆ ನಿಂತಿದ್ದೆಯಂತೆ, ಭಾವ ಹೇಳಿದರು. ನಾನು ಇನ್ನೂ ಇಲ್ಲಿಯೇ ಇದ್ದೇನೆ. ನಾಟಕದ ಎರಡು ಪಾರ್ಟೂ ಬೇಡವೆಂದು ಲೋಕೇಶನಿಗೆ ಹೇಳಿಯೇ ಹೊರಟಿದ್ದೆ.

ಯಶೋದೆ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. ನಿನಗೆ ಬರೆದದ್ದನ್ನೇ, ಅಷ್ಟನ್ನೇ, ಅವಳ ಮುಖ ನೋಡಿಕೊಂಡು ಹೇಳಿದೆ. ಪ್ರಜ್ಞೆ ಇತ್ತು ಎಂದೆ. ಹೆದರಿದ್ದ ಎಂದೆ. ನಿನ್ನನ್ನು ಕೂಗಿದ, ನಿನ್ನನ್ನು ಕರೆಸು ಎಂದು ಅತ್ತ, ನಾನು ಅಳಬೇಡ ಎಂದೆ, ನಿಲ್ಲಿಸಿದ ಎಂದೆ.

ಅವಳ ಕೈ ನಿಂತಿತು. ಮೊರ ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಬಂದು ಎರಡು ಕೈಯಲ್ಲೂ ನನ್ನ ಎದೆಗೆ ಗುದ್ದಿದಳು. ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಏಕವಚನದಲ್ಲಿ ಕೂಗಿದಳು. ‘ನನ್ ಮಗನ ಮಾತ ನನ್ಗೆ ಕೊಡ್ದೆ ಎಂಟು ತಿಂಗ್ಳು ಮಡಿಕಂಡಿದ್ದೆಯಲ್ಲೋ! ಅದು ನಂದು ಕಣೋ, ನಿಂದಲ್ಲ!’ ಸದ್ದಿಗೆ ಭಾವ ಓಡಿಬಂದರು. ‘ನೀನ್ ಓಗಣ್ಣ ಆಚೆಗೆ’ ಎಂದು ಅವರನ್ನು ಕಳಿಸಿ ಬಾಗಿಲು ಹಾಕಿದಳು. ನಾನು ತಡೆಯಲಿಲ್ಲ. ತಡೆಯಬೇಕು ಎಂದೂ ಅನಿಸಲಿಲ್ಲ.

ಸುಸ್ತಾಗಿ ಕೂತಳು. ಆಮೇಲೆ ಕೇಳಿದಳು: ‘ನೀವು ಅಳ್ಬೇಡ ಅಂದಾಗ ಅವ್ನು ನಿಮ್ ಮಕ ನೋಡ್ದ?’ ನೋಡಿದ ಎಂದೆ. ‘ಕೈ ಇಡ್ಕಂಡೇ ಇದ್ದ?’ ಕಡೆಯವರೆಗೂ ಎಂದೆ.

‘ಅಂಗಾರೆ ಅವ್ನಿಗೆ ನೀವು ಕಾಣ್ತಿದ್ರಿ. ನಿಮ್ ಮಾತು ಕೇಳ್ತಿತ್ತು. ಒಬ್ನೇ ಓಗ್ಬುಟ್ಟ ಅಂದ್ಕಂಡಿದ್ದೆ ಕಣ್ರಿ. ಪಕ್ಕದಲ್ಲಿ ಯಾರವ್ರೆ ಅಂತ್ಲೂ ತಿಳೀದೆ, ಕತ್ಲೇಲಿ ಓದಂಗೆ ಓದ ಅಂದ್ಕಂಡಿದ್ದೆ. ದಿನಾ ಅದೇಯ.’

ನಾನು ಮುಚ್ಚಿಟ್ಟದ್ದು ಅವಳನ್ನು ಕೊಲ್ಲುತ್ತದೆ ಎಂದುಕೊಂಡಿದ್ದೆ. ಅವಳನ್ನು ಕೊಲ್ಲುತ್ತಿದ್ದದ್ದು ನಾನು ಹೇಳಿದ ಸುಳ್ಳು. ಆಗ ಬಂತು ದ್ಯಾವಯ್ಯ, ಅಳು. ನಿನ್ನ ಹಾಗೆ ಚೆಂದವಾಗಿಯೇನೂ ಇರಲಿಲ್ಲ. ಎಮ್ಮೆ ಕೂಗಿದ ಹಾಗೆ ಕೂಗಿದೆ, ಮೂಗಿನಲ್ಲಿಯೂ ನೀರು, ಬಾಯಲ್ಲಿಯೂ ನೀರು. ಅವಳು ಸಮಾಧಾನ ಮಾಡಲಿಲ್ಲ. ಸೆರಗು ಕೊಟ್ಟಳು, ಅಷ್ಟೇ.

ಆಮೇಲೆ ‘ಮೊದ್ಲಿಂದ ಏಳಿ’ ಎಂದಳು. ಹೇಳಿದೆ. ಯಾವ ಅಂಗಿ ಹಾಕಿದ್ದ, ಯಾವ ಕೈ ಹಿಡಿದಿದ್ದ, ನೀರು ಕೇಳಿದನೋ ಇಲ್ಲವೋ, ಎಲ್ಲ ಕೇಳಿದಳು. ಇನ್ನೊಂದು ಸಲ ಎಂದಳು. ನಿನ್ನೆ ಎರಡು ಸಲ ಹೇಳಿಸಿದಳು. ಇವತ್ತು ಬೆಳಗ್ಗೆ ಕಾಫಿ ಕೊಟ್ಟು ಎದುರಿಗೆ ಕೂತು, ‘ನನ್ನ ಕೂಗ್ದ ಅಂದ್ರಲ್ಲ, ಎಂಗ್ ಕೂಗ್ದ? ಅವ್ನು ಕೂಗ್ದಂಗೇ ಕೂಗಿ’ ಎಂದಳು.

ನನಗೆ ಆಗುವುದಿಲ್ಲ ಎಂದೆ. ಅವಳು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೆ. ಅವನು ಆವತ್ತು ಕೂಗಿದ ಹಾಗೆಯೇ, ಅಷ್ಟೇ ಸಣ್ಣಗೆ, ಅಷ್ಟೇ ಹೆದರಿಕೊಂಡು, ‘ಅವ್ವಾ’ ಎಂದೆ.

‘ಬಂದೆ ಕಣ್ ಮಗ,’ ಎಂದಳು ಯಶೋದೆ. ‘ಇಲ್ಲೇ ಇವ್ನಿ.’

ನಾಗರಾಜು